ಗ್ಯಾಸ್ ಬಿಟ್ಟು ಪೂರ್ತಿ ಇಂಡಕ್ಷನ್‌ಗೆ ಹೋಗಬಹುದೇ?

ಪರ: ಧಾರಾಳವಾಗಿ ಹೋಗಬಹುದು, ಪಾತ್ರೆ ನೋಡಿ ಕೊಳ್ಳಿ

ಏಪ್ರಿಲ್ ಸೆಕೆಯಲ್ಲಿ ಗ್ಯಾಸ್ ಮುಂದೆ ನಿಂತು ಅಡುಗೆ ಮಾಡುವವರ ಕಷ್ಟ ಅವರಿಗೇ ಗೊತ್ತು. ಉರಿಯ ಶಾಖದಲ್ಲಿ ಒಂದು ದೊಡ್ಡ ಪಾಲು ಪಾತ್ರೆಯ ಪಕ್ಕದಿಂದ ಹಾರಿ ಅಡುಗೆಮನೆಗೆ ಸೇರುತ್ತದೆ. ಇಂಡಕ್ಷನ್ ಸ್ಟವ್‌ನಲ್ಲಿ ಕಾಯುವುದು ಪಾತ್ರೆಯ ತಳ. ಗಾಜಿನ ಕೆಳಗಿನ ತಾಮ್ರದ ಸುರುಳಿಯಲ್ಲಿ ಕರೆಂಟ್ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಅದರ ಕಾಂತಕ್ಷೇತ್ರ ತಳದೊಳಗೇ ಕರೆಂಟ್ ಹುಟ್ಟಿಸಿ ಬಿಸಿ ಮಾಡುತ್ತದೆ. ಹೀಗಾಗಿ ಶಕ್ತಿಯಲ್ಲಿ ಸುಮಾರು ಶೇ. 85ರಷ್ಟು ಅಡುಗೆಗೇ ಸಿಗುತ್ತದೆ.

ಹಾಲು ಉಕ್ಕಲು ಬಂದಾಗ ಆಫ್ ಮಾಡಿದರೆ ಬೇಗ ತಗ್ಗುತ್ತದೆ. ಉಕ್ಕಿ ಉರಿ ಆರಿ ಗ್ಯಾಸ್ ಸೋರುವ ಭಯ ಇಲ್ಲ. ವಯಸ್ಸಾದವರು ಒಬ್ಬರೇ ಇರುವ ಮನೆಗೆ ಇದೊಂದೇ ಕಾರಣ ಸಾಕು ಎಂದು ನನಗನಿಸುತ್ತದೆ.

ಪಾತ್ರೆ ಅಂಗಡಿಗೆ ಹೋಗುವಾಗ ಫ್ರಿಜ್ ಬಾಗಿಲಿನ ಅಯಸ್ಕಾಂತ ಜೊತೆಗಿರಲಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ಆ ಪಾತ್ರೆ ನಡೆಯುತ್ತದೆ. ಸ್ಟೀಲೆಲ್ಲ ಒಂದೇ ಅಲ್ಲ. 304 ನಂಬರಿನ ಸ್ಟೀಲಿಗೆ ಸಾಮಾನ್ಯವಾಗಿ ಅಯಸ್ಕಾಂತ ಹಿಡಿಯುವುದಿಲ್ಲ, 430ಕ್ಕೆ ಹಿಡಿಯುತ್ತದೆ. ಟ್ರೈಪ್ಲೈ, ಅಂದರೆ ಮೂರು ಪದರದ ಪಾತ್ರೆಗಳಲ್ಲಿ ಹೊರಗಿನ ಪದರ 430, ಒಳಗೆ ಹೆಚ್ಚಾಗಿ 304, ನಡುವೆ ಅಲ್ಯೂಮಿನಿಯಂ. ಬೆಲೆ ಜಾಸ್ತಿ, ಆದರೆ ತಳ ಹಿಡಿಯುವುದು ಕಡಿಮೆ. ಅಲ್ಯೂಮಿನಿಯಂ ಕುಕ್ಕರ್ ಕೊಳ್ಳುವುದಾದರೆ ತಿರುಗಿಸಿ ನೋಡಿ: ತಳದಲ್ಲಿ ಇಂಡಕ್ಷನ್ ಬೇಸ್, ಅಂದರೆ ಅಯಸ್ಕಾಂತ ಹಿಡಿಯುವ ಸ್ಟೀಲಿನ ತಟ್ಟೆ ಇರಬೇಕು, ಅದು ತಳದ ಬಹುಪಾಲು ಮುಚ್ಚಿರಬೇಕು. ಹಳೆಯ ಪಾತ್ರೆಯ ಕೆಳಗಿಡಲೆಂದು ಮಾರುವ ಅಡಾಪ್ಟರ್ ತಟ್ಟೆ ಬೇಡ. ಮೊದಲು ತಟ್ಟೆ ಕಾಯಬೇಕು, ಆಮೇಲೆ ಪಾತ್ರೆ. ಸುಮ್ನೆ ಕರೆಂಟ್ ದಂಡ.

ವಿರೋಧ: ಮುದ್ದೆ, ರೊಟ್ಟಿಯ ಮನೆಗೆ ಉರಿ ಬೇಕೇ ಬೇಕು

ಅಯಸ್ಕಾಂತದ ಪರೀಕ್ಷೆ ಸರಿ. ಆದರೆ ಅದರಲ್ಲಿ ನಪಾಸಾಗುವುದು ನಮ್ಮ ಮನೆಗಳ ಅರ್ಧ ಅಟ್ಟ. ಹಿತ್ತಾಳೆ, ತಾಮ್ರ, ಮಣ್ಣಿನ ಮಡಕೆ, ಬರಿ ಅಲ್ಯೂಮಿನಿಯಂ ಯಾವುದೂ ನಡೆಯುವುದಿಲ್ಲ. ಗುಂಡು ತಳದ ಬಾಣಲೆ ಕಬ್ಬಿಣದ್ದಾದರೂ ಗಾಜಿನ ಮೇಲೆ ಸರಿಯಾಗಿ ಕೂರುವುದಿಲ್ಲ.

ಮುದ್ದೆ ಮಾಡುವುದನ್ನೇ ನೋಡಿ. ಕುದಿಯುವ ಎಸರಿಗೆ ಹಿಟ್ಟು ಹಾಕಿ, ಪಾತ್ರೆಯನ್ನು ಅದುಮಿ ಹಿಡಿದು, ಕೋಲಿನಿಂದ ಗಂಟಿಲ್ಲದಂತೆ ತೊಳಸಬೇಕು. ತೋಳಿನ ಬಲವೆಲ್ಲ ಅಲ್ಲಿ ಬೀಳುತ್ತದೆ. ನುಣುಪು ಗಾಜಿನ ಮೇಲೆ ಪಾತ್ರೆ ಜಾರುತ್ತದೆ, ಗಾಜು ಬಿರುಕು ಬಿಡುವ ಭಯವೂ ಇದೆ. ಪ್ರತಿ ಸಲ ಕೆಳಗಿಳಿಸಿ ತೊಳಸಿ, ಮತ್ತೆ ಬೇಯಲು ಮೇಲಿಡಬೇಕು. ಜೋಳದ ರೊಟ್ಟಿ ಕೊನೆಗೆ ಉರಿ ಮುಟ್ಟಿ ಉಬ್ಬಬೇಕು. ಬದನೆಕಾಯಿ ಸುಡಬೇಕು, ಹಪ್ಪಳ ಸುಡಬೇಕು. ಇವಕ್ಕೆಲ್ಲ ಬರಿ ಬಿಸಿ ತಳ ಸಾಲದು.

ದೋಸೆಗೂ ತೊಂದರೆ ಇದೆ. ಮನೆಬಳಕೆಯ ಸ್ಟವ್‌ಗಳ ಸುರುಳಿ ಸಾಮಾನ್ಯವಾಗಿ ಕಾವಲಿಗಿಂತ ಚಿಕ್ಕದು. ನಡುವೆ ಸೀದು ಅಂಚು ಬಿಳಿಚಿಕೊಳ್ಳುತ್ತದೆ. ಬೀಡಿನ ಕಾವಲಿಯನ್ನು ಒಮ್ಮೆಗೇ ಪೂರ್ತಿ ಶಾಖಕ್ಕೆ ಇಟ್ಟರೆ ಬಿರಿಯಲೂಬಹುದು. ನಿಧಾನಕ್ಕೆ ಕಾಯಿಸಬೇಕು.

ಕರೆಂಟಿನ ವಿಷಯಕ್ಕೆ ಬರೋಣ. 2000 ವಾಟ್‌ನ ಸ್ಟವ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಳೆಯ ಮನೆಗಳ 6 ಆಂಪಿಯರ್ ಸಾಕೆಟ್‌ಗೆ ಅದು ಅಪಾಯ, 16 ಆಂಪಿಯರ್‌ದೇ ಬೇಕು. ಕರೆಂಟ್ ಹೋದರೆ ಸಾಮಾನ್ಯ ಮನೆಯ ಇನ್ವರ್ಟರ್ ಇದನ್ನು ಎಳೆಯಲಾರದು. ಪೂರ್ತಿ ಶಾಖದಲ್ಲಿ ಅರ್ಧ ಗಂಟೆಗೆ ಒಂದು ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಎಲ್ಲರಿಗೂ ಪೂರ್ತಿ ಉಚಿತವಲ್ಲ. ಅದು ಗರಿಷ್ಠ ಮಿತಿ. ಪ್ರತಿ ಮನೆಯ ಪಾಲು ಅದರ ಹಳೆಯ ಬಳಕೆಯ ಸರಾಸರಿ ನೋಡಿ ನಿಗದಿಯಾಗಿದೆ. ಮೂರು ಹೊತ್ತಿನ ಅಡುಗೆ ಆ ಮೀಟರಿಗೆ ಬಿದ್ದರೆ ಪಾಲು ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ.