ಫೋನಿಗೂ ಒಂದು ಪಾಸ್‌ಬುಕ್ ಬೇಕು

ನೀವು ರೊಕ್ಕ ಕೊಟ್ಟು ತಂದ ಫೋನು ಈಗ ನಿಮ್ಮ ಜೇಬಿನಲ್ಲಿರುವ ಫೋನೇ ಅಲ್ಲ. ಗಾಜು, ಬ್ಯಾಟರಿ, ಚಿಪ್ ಅವೇ ಇವೆ. ಅವನ್ನು ಒಳಗಿನಿಂದ ನಡೆಸುವ ಫರ್ಮ್‌ವೇರ್ ಮಾತ್ರ ಎಷ್ಟೋ ಸಲ ಬದಲಾಗಿರುತ್ತದೆ. ಯಾವಾಗ ಬದಲಾಯ್ತು ಅಂತ ಫೋನನ್ನೇ ಕೇಳಿದರೆ ಅದು ಹೇಳುವುದಿಲ್ಲ. 'ಅಬೌಟ್ ಫೋನ್' ತೆರೆದರೆ ಇವತ್ತಿನ ಬಿಲ್ಡ್ ನಂಬರ್, ಅಂದರೆ ಫರ್ಮ್‌ವೇರಿನ ಆವೃತ್ತಿಯ ಗುರುತು, ಕಾಣುತ್ತದೆ, ಹಿಂದಿನದು ಇಲ್ಲ. ಪಾಸ್‌ಬುಕ್ಕಿನಲ್ಲಿ ಬಾಕಿ ಒಂದನ್ನು ಬಿಟ್ಟು ಜಮಾ ಖರ್ಚಿನ ಸಾಲುಗಳನ್ನೆಲ್ಲ ಅಳಿಸಿ ಕೊಟ್ಟ ಹಾಗೆ.

ನನಗೆ ಈ ಹುಚ್ಚು ಹತ್ತಿದ್ದು ಕೆಲಸದಿಂದ. ಕಲಬುರಗಿಯ ಒಂದು ಸೌಹಾರ್ದ ಸೊಸೈಟಿಯಲ್ಲಿ ಪಿಗ್ಮಿ ಏಜೆಂಟರ ಫೋನು, ಬ್ಲೂಟೂತ್ ಪ್ರಿಂಟರು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಫೋನೆಲ್ಲ ಒಂದೇ ಮಾಡೆಲ್, ಒಂದೇ ಬಿಲ್‌ನಲ್ಲಿ ತಂದದ್ದು. ಗಂಜಿನ ಕಡೆ ವಸೂಲಿಗೆ ಹೋಗುವ ಹುಡುಗನ ಪ್ರಿಂಟರ್ ಒಮ್ಮೆ ಕೈಕೊಟ್ಟಿತು. ಪೇರ್ ಆಗುತ್ತದೆ, ಚೀಟಿ ಅರ್ಧ ಬರುತ್ತದೆ, ಅಲ್ಲಿಗೆ ಕಟ್. ಅಡತಿ ಅಂಗಡಿಯ ಸಾಹುಕಾರರು, "ಚೀಟಿ ಬರ್ಲಿಲ್ಲಂದ್ರ ರೊಕ್ಕ ಹ್ಯಾಂಗ ಕೊಡ್ಲಿ ತಮ್ಮಾ?" ಅಂದುಬಿಟ್ಟರು. ಸರ್ವಿಸ್ ಸೆಂಟರಿನವರದು ಎಂದಿನ ಮಾತು: "ಪ್ರಿಂಟರ್ ಹೋಗ್ಯಾದ್ರಿ, ಹೊಸಾದು ತಗೋರಿ."

ಅದೇ ಪ್ರಿಂಟರನ್ನು ಸೂಪರ್ ಮಾರ್ಕೆಟ್ ಕಡೆಯ ಏಜೆಂಟರ ಫೋನಿಗೆ ಜೋಡಿಸಿದೆ. ಟರ್ರ್ ಅಂತ ಪೂರ್ತಿ ಚೀಟಿ ಬಂತು. ಎರಡೂ ಫೋನು ಪಕ್ಕಪಕ್ಕ ಇಟ್ಟು ನೋಡಿದರೆ ಆಂಡ್ರಾಯ್ಡ್ ಎರಡರಲ್ಲೂ 13. ಬಿಲ್ಡ್ ನಂಬರಿನ ಕೊನೆ ಮಾತ್ರ ಬೇರೆ. ಆಂಡ್ರಾಯ್ಡ್ ಫೋನ್ ಕಂಪನಿಗಳು ಸಾಮಾನ್ಯವಾಗಿ ಅಪ್ಡೇಟನ್ನು ಎಲ್ಲರಿಗೂ ಒಂದೇ ದಿನ ಬಿಡುವುದಿಲ್ಲ. ಮೊದಲು ಒಂದಿಷ್ಟು ಜನಕ್ಕೆ ಕಳಿಸಿ, ಗಲಾಟೆ ಆಗದಿದ್ದರೆ ಉಳಿದವರಿಗೆ ಕಳಿಸುತ್ತವೆ. ನಮ್ಮ ಹುಡುಗ ಮೊದಲ ಗುಂಪಿನಲ್ಲಿ ಸಿಕ್ಕಿಬಿದ್ದಿದ್ದ. ಮುಂದಿನ ಅಪ್ಡೇಟ್ ಬಂದ ಮೇಲೆ ಪ್ರಿಂಟರ್ ತಾನೇ ಸರಿಹೋಯ್ತು. ಹೊಸದು ತಂದಿದ್ದರೆ ಆ ರೊಕ್ಕ ಸುಮ್ನೆ ದಂಡ.

ಆಮೇಲೆ ಒಂದು ರಿಜಿಸ್ಟರ್ ಇಟ್ಟೆ. ತಾರೀಖು, ಬಿಲ್ಡ್ ನಂಬರ್, ಸೆಕ್ಯೂರಿಟಿ ಪ್ಯಾಚ್, ಬೇಸ್‌ಬ್ಯಾಂಡ್, ಗೂಗಲ್ ಪ್ಲೇ ಸಿಸ್ಟಮ್ ಅಪ್ಡೇಟ್. ಬರೀ 'ಆಂಡ್ರಾಯ್ಡ್ 13' ಅಂತ ಬರೆದುಕೊಂಡರೆ ಏನೂ ಗೊತ್ತಾಗುವುದಿಲ್ಲ, ಆ ಹೆಸರಿನ ಕೆಳಗೆ ವರ್ಷವಿಡೀ ಫರ್ಮ್‌ವೇರ್ ಬದಲಾಗುತ್ತಲೇ ಇರುತ್ತದೆ. ಬೇಸ್‌ಬ್ಯಾಂಡ್ ಸಿಗ್ನಲ್ ಹಿಡಿಯುವ ಮೋಡೆಮ್‌ನದು. ಕಾಲ್ ಕಟ್ ಆಗುವ ದೂರು ಬಂದರೆ ನಾನು ಮೊದಲು ನೋಡುವುದು ಅದನ್ನೇ. ಪ್ಲೇ ಸಿಸ್ಟಮ್ ಅಪ್ಡೇಟ್ ಅಂದರೆ ಆಂಡ್ರಾಯ್ಡಿನ ಕೆಲವು ಭಾಗಗಳನ್ನು ಗೂಗಲ್ ನೇರವಾಗಿ ಬದಲಿಸುವುದು, 2019ರ ಆಂಡ್ರಾಯ್ಡ್ 10ರಿಂದ ಬಂದದ್ದು. ಅದು ಫೋನ್ ಕಂಪನಿಯನ್ನು ಕಾಯದೆ ಬೇರೆಯಾಗಿಯೇ ಬದಲಾಗುತ್ತದೆ.

ಸ್ಯಾಮ್‌ಸಂಗ್ ಇರುವವರಿಗೆ ಒಂದು ಮಜಾ ಇದೆ. ಬಿಲ್ಡ್ ನಂಬರಿನ ಕೊನೆಯಲ್ಲಿ '5ಜಿವಿಕೆ6' ಅಂತ ಇದ್ದರೆ, ವಿ ಅಂದರೆ 2022, ಕೆ ಅಂದರೆ ಹನ್ನೊಂದನೇ ತಿಂಗಳು. ಡಬ್ಲ್ಯೂ 2023, ಎಕ್ಸ್ 2024. ಮುಂದಿರುವ 5, ಫೋನ್ ಆನ್ ಮಾಡಿದಾಗ ಮೊದಲು ಓಡುವ ಬೂಟ್‌ಲೋಡರ್ ಅನ್ನುವ ಸಾಫ್ಟ್‌ವೇರಿನ ಅಂಕಿ. ಅದು ಒಮ್ಮೆ 6 ಆಯ್ತು ಅಂದರೆ 5ರ ಫರ್ಮ್‌ವೇರ್‌ಗೆ ವಾಪಸ್ ಹೋಗಲು ದಾರಿಯಿಲ್ಲ.

ಇಷ್ಟೆಲ್ಲ ಬರೆದಿಡುವುದು ಯಾರಿಗೆ ಬೇಕು ಅನ್ನುವವರಿಗೆ 2017ರ ಸಂಗತಿ ನೆನಪಿಸುತ್ತೇನೆ. ಹಳೇ ಐಫೋನ್ ನಿಧಾನ ಆಗ್ತಿದೆ ಅಂತ ಜನ ಗೊಣಗುತ್ತಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡಿಸೆಂಬರ್‌ನಲ್ಲಿ, ಫೋನಿನ ವೇಗ ಅಳೆಯುವ ಆ್ಯಪ್ ಮಾಡುವ ಪ್ರೈಮೇಟ್ ಲ್ಯಾಬ್ಸ್‌ನ ಜಾನ್ ಪೂಲ್ ವೇಗದ ಅಂಕಗಳನ್ನು ಐಒಎಸ್ (ಐಫೋನ್ ನಡೆಸುವ ಸಾಫ್ಟ್‌ವೇರ್) ಆವೃತ್ತಿಯ ಪ್ರಕಾರ ಬೇರೆ ಮಾಡಿ ಗ್ರಾಫ್ ಹಾಕಿದರು. 10.2ರಲ್ಲಿ ಸರಿಯಿದ್ದ ಐಫೋನ್ 6ಎಸ್, 10.2.1 ಆದ ಮೇಲೆ ಎಷ್ಟೋ ಜನರ ಕೈಯಲ್ಲಿ ನಿಧಾನವಾಗಿದ್ದು ಕಂಡಿತು. ಬ್ಯಾಟರಿ ಹಳತಾದರೆ ವೇಗ ತಗ್ಗಿಸುತ್ತೇವೆ ಅಂತ ಆಪಲ್ ಆಗ ಒಪ್ಪಿಕೊಂಡಿತು. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ಹಾಕಿತು. ನಿಧಾನ ಮಾಡಿದ್ದಕ್ಕಲ್ಲ, ಗ್ರಾಹಕರಿಗೆ ಹೇಳದೇ ಇದ್ದದ್ದಕ್ಕೆ.

ನನ್ನ ತಕರಾರೂ ಅದೇ. ಅಪ್ಡೇಟ್ ಬೇಡ ಅಂತ ನಾನು ಹೇಳ್ತಿಲ್ಲ. ರೊಕ್ಕದ ವ್ಯವಹಾರ ಮಾಡುವ ಫೋನಿನಲ್ಲಿ ಸೆಕ್ಯೂರಿಟಿ ಪ್ಯಾಚ್ ತಪ್ಪಿಸುವುದು ಕಳ್ಳನಿಗೆ ಬಾಗಿಲು ತೆಗೆದಂತೆಯೇ. ಆದರೆ 'ಕೆಲವು ದೋಷ ಸರಿಪಡಿಸಲಾಗಿದೆ' ಅಂತ ಒಂದು ಸಾಲು ಬರೆದು ಕೈ ತೊಳೆದುಕೊಂಡರೆ ಹೇಗೆ? ಫೋನು ಕೊಂಡ ದಿನದಿಂದ ಇವತ್ತಿನವರೆಗೆ ಯಾವ ತಾರೀಖು ಯಾವ ಬಿಲ್ಡ್ ಬಂತು ಅನ್ನುವುದು ಫೋನಿನಲ್ಲೇ ಇರಬೇಕು. ನಾಲ್ಕು ಸಾಲು ಕನ್ನಡದಲ್ಲೇ ಇರಲಿ. ಇದಕ್ಕೆ ಎಷ್ಟು ಜಾಗ ಬೇಕು ಹೇಳಿ, ಒಂದು ಗುಡ್ ಮಾರ್ನಿಂಗ್ ಫೋಟೋದಷ್ಟೂ ಬೇಡ, ಅಲ್ವಾ?

ಹಾಗಂತ ನಮ್ಮ ರಿಜಿಸ್ಟರ್ ಯಾವಾಗಲೂ ಕಂಪನಿಯ ವಿರುದ್ಧವೇ ಸಾಕ್ಷಿ ಹೇಳುವುದಿಲ್ಲ. ಮೇ ತಿಂಗಳ ಬಿಸಿಲಲ್ಲಿ ಏಜೆಂಟರೆಲ್ಲ, "ಅಪ್ಡೇಟ್ ಆದಾಗಿಂದ ಚಾರ್ಜ್ ನಿಲ್ಲವಲ್ದು ಅಣ್ಣಾ" ಅಂತ ಬಂದರು. ರಿಜಿಸ್ಟರ್ ತೆರೆದು ನೋಡಿದರೆ ಅಪ್ಡೇಟ್ ಆಗದೆ ಉಳಿದ ಫೋನುಗಳ ಕಥೆಯೂ ಅದೇ. ಕಲಬುರಗಿಯ ಬೇಸಿಗೆಯಲ್ಲಿ ಬೈಕಿನ ಟ್ಯಾಂಕ್ ಕವರ್‌ನೊಳಗೆ ಫೋನಿಟ್ಟು ಮಧ್ಯಾಹ್ನ ತಿರುಗಿದರೆ ಯಾವ ಬ್ಯಾಟರಿ ತಾಳುತ್ತದೆ? ಮ್ಯಾನೇಜರಿಗೆ ರಿಜಿಸ್ಟರ್ ತೋರಿಸಿದೆ. ಬೇಸಿಗೆ ಮುಗಿಯುವ ತನಕ ಮಧ್ಯಾಹ್ನದ ವಸೂಲಿಯನ್ನು ಸಂಜೆಗೆ ಹಾಕಿಸಿಕೊಂಡೆವು.