ಒಳಕೋಣೆಗೊಂದು ಬಾಗಿಲು

ಮಲೆನಾಡಿನ ಹಳೇ ಮನೆ ಕಟ್ಟಿಸಿದವರು ದುಡ್ಡನ್ನೆಲ್ಲ ಹೆಬ್ಬಾಗಿಲಿಗೇ ಸುರಿದಿರುತ್ತಾರೆ. ಸಾಗುವಾನಿಯದೋ ಹಲಸಿನದೋ ದಪ್ಪ ಹಲಗೆ, ದಾರಂದದ ತುಂಬ ಬಳ್ಳಿ, ಗಿಣಿ, ಮೇಲೆ ಗಜಲಕ್ಷ್ಮಿ. ಹೊಸ್ತಿಲು ದಾಟಿ ಒಳಗೆ ಬಂದರೆ ಎಷ್ಟೋ ಕೋಣೆಗಳಿಗೆ ಬಾಗಿಲೇ ಇಲ್ಲ! ದಾರಂದ ಇದೆ, ಅದಕ್ಕೊಂದು ಹಳೇ ಸೀರೆಯ ಪರದೆ ಇದೆ. ಅಷ್ಟೇ. ಮನೆಯೊಳಗೆ ಯಾರು ಯಾರಿಂದ ಬಚ್ಚಿಟ್ಟುಕೊಳ್ಳಬೇಕು, ಅಲ್ವಾ?

ಈಗ ಬೇಕಾಗಿದೆ. ಮಗ ಲ್ಯಾಪ್‌ಟಾಪ್ ಮುಂದೆ ಟೈ ಕಟ್ಟಿಕೊಂಡು ಮೀಟಿಂಗಿನಲ್ಲಿದ್ದಾಗ ಹಿಂದಿನಿಂದ ನಮ್ಮಮ್ಮ ಪರದೆ ಸರಿಸಿ, “ಕಾಫಿ ಆರ್ತಾ ಇದೆ ಮಾರಾಯ, ಆಮೇಲೆ ಮಾತಾಡು” ಎನ್ನುತ್ತಾರೆ. ಅವನು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ತಿಳಿ ಬೂದು ಬಣ್ಣದ ಬಾಗಿಲು, ಅದರಲ್ಲಿ ಅಂದವಾದ ಚೌಕಗಳು, ಹಿತ್ತಾಳೆಯ ಹಿಡಿ. “ಕಸ್ಟಮ್ ಲುಕ್ ಅಪ್ಪಾ.” ಲುಕ್ ಅವನದು, ಬಜೆಟ್ ನನ್ನದು.

ಸಾಗುವಾನಿಯಲ್ಲಿ ಹಾಗೆ ಮಾಡಿಸಿದರೆ ಸುಲಭಕ್ಕೆ ಇಪ್ಪತ್ತು ಸಾವಿರ ದಾಟುತ್ತದೆ. ಸಾದಾ ಫ್ಲಶ್ ಡೋರ್, ಅಂದರೆ ಎರಡೂ ಮೈ ಸಪಾಟಾಗಿರುವ ಸಿದ್ಧ ಬಾಗಿಲು, ಎರಡು-ಮೂರು ಸಾವಿರಕ್ಕೂ ಸಿಗುತ್ತದೆ. ಐಎಸ್ 2202 ಗುರುತು (ಇಂಥ ಬಾಗಿಲಿಗಿರುವ ಭಾರತೀಯ ಮಾನಕ) ಇರುವುದನ್ನು ನೋಡಿ ತಗೊಳ್ಳಿ ಎಂದರು ನಮ್ಮ ಆಚಾರ್ರು. ತೊಂದರೆ ಎಂದರೆ ಅಂಗಡಿಯ ಬಾಗಿಲು ಏಳು ಅಡಿ ಎತ್ತರ. ನಮ್ಮ ಕೋಣೆಯ ದಾರಂದ ಐದೂವರೆ. ಹಿರಿಯರು ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು ಎಂದು ಲೆಕ್ಕ ಹಾಕಿದ್ದರೋ, ಮರ ಉಳಿಸಿದ್ದರೋ ಗೊತ್ತಿಲ್ಲ. ಹಣೆಗಂತೂ ಎರಡೂ ಒಂದೇ.

ಆಚಾರ್ರು ಟೇಪು ಹಿಡಿದು ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದರು. ಮೂರೂ ಬೇರೆ ಬೇರೆ. ಆಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡು ಅಳತೆ. ಎರಡೂ ಒಂದೇ ಬಂದರೆ ಚೌಕಟ್ಟು ನೆಟ್ಟಗಿದೆ ಎಂದು ಅರ್ಥ. ನಮ್ಮದು ಮುಕ್ಕಾಲು ಇಂಚು ಹೆಚ್ಚುಕಮ್ಮಿ. “ಮಣ್ಣಿನ ಗೋಡೆ ಸ್ವಾಮಿ, ಎಷ್ಟು ಮಳೆಗಾಲ ಕಂಡಿದೆ. ಇಷ್ಟಾದ್ರೂ ವಾಲೋದು ಬ್ಯಾಡ್ವಾ?” ಎಂದರು.

ಮನೆಯಿಡೀ ಅಳೆದು ನೋಡಿದೆವು. ಒಂದು ದಾರಂದದ ಹಾಗೆ ಇನ್ನೊಂದಿಲ್ಲ. ಅಜ್ಜನ ಕಾಲದ ಬಡಗಿ ಒಂದೊಂದು ಬಾಗಿಲನ್ನೂ ಆಯಾ ಜಾಗದ ಮುಂದೆ ನಿಂತೇ ಮಾಡಿದ್ದ. ಕಬ್ಬಿಣದ ಕೀಲೂ ಇಲ್ಲ. ಹಲಗೆಯಲ್ಲೇ ಮೇಲೊಂದು ಕೆಳಗೊಂದು ಗೂಟ ಬಿಟ್ಟು ಕುಳಿಯಲ್ಲಿ ಕೂರಿಸಿದ್ದಾನೆ, ಇವತ್ತಿಗೂ ತಿರುಗುತ್ತದೆ. ಅದಕ್ಕೆ ಅವನು ಜಾಸ್ತಿ ಕೂಲಿ ಕೇಳಿರಲಿಕ್ಕಿಲ್ಲ. ಬೇರೆ ಥರ ಮಾಡುವ ದಾರಿಯೇ ಅವನಿಗೆ ಇರಲಿಲ್ಲವಲ್ಲ! ನಾವು ಸಿದ್ಧ ಹಲಗೆ ತಂದು, ಅದು ಸಿದ್ಧ ಹಲಗೆ ಅಲ್ಲ ಎಂದು ಕಾಣಿಸಲು ಖರ್ಚು ಮಾಡುತ್ತಿದ್ದೇವೆ.

ಫ್ಲಶ್ ಡೋರಿನ ಸುತ್ತ ಗಟ್ಟಿ ಮರದ ಪಟ್ಟಿ ಇರುತ್ತದೆ. ಸ್ವಲ್ಪ ಹೆರೆದರೆ ಪರವಾಗಿಲ್ಲ. ಒಂದೂವರೆ ಅಡಿ ಕೊಯ್ದರೆ ಆ ಪಟ್ಟಿಯೇ ಹೋಗಿ ಒಳಗಿನ ತುಂಡುಮರ ಹೊರಗೆ ಇಣುಕುತ್ತದೆ. ಹಾಗಾಗಿ ಕೊಯ್ದ ಅಂಚಿಗೆ ಹೊಸ ಪಟ್ಟಿ ಅಂಟಿಸಬೇಕು. ಆಮೇಲೆ ಚೌಕಗಳು. ತೆಳು ಬೀಡಿಂಗ್ ಪಟ್ಟಿಯನ್ನು ಮೂಲೆಯಲ್ಲಿ 45 ಡಿಗ್ರಿ ಓರೆಯಾಗಿ ಕೊಯ್ದು, ಫೆವಿಕಾಲ್ ಹಚ್ಚಿ, ತಲೆಯಿಲ್ಲದ ಸಣ್ಣ ಮೊಳೆ ಹೊಡೆಯುವುದು. ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಬೀಡಿಂಗ್ ಅಗ್ಗ. ಆದರೆ ಅದು ನೀರು ಕುಡಿದರೆ ಉಬ್ಬಿ ಹಾಳಾಗುತ್ತದೆ. ನಮ್ಮ ಕಡೆ ಆಷಾಢದಲ್ಲಿ ಗೋಡೆಯೂ ಬೆವರುತ್ತದೆ. ಮರದ್ದೇ ತಂದೆವು. ಸಂದಿಗೆ ಪುಟ್ಟಿ, ಉಜ್ಜು ಕಾಗದ, ಪ್ರೈಮರ್, ಎರಡು ಕೈ ಎನಾಮೆಲ್. ಹಲಗೆಗೂ ಬೀಡಿಂಗಿಗೂ ಒಂದೇ ಬಣ್ಣ ಬಿದ್ದ ಮೇಲೆ ನೋಡಬೇಕು, ಅಂಟಿಸಿದ್ದು ಎಂದು ಹೇಳಲಿಕ್ಕೇ ಆಗುವುದಿಲ್ಲ.

ಒಂದು ಮಾತು. ಬಾಗಿಲಿನ ನೆತ್ತಿಗೂ ಬುಡಕ್ಕೂ ಬಣ್ಣ ಬಳಿಸಿ. ಕಾಣದ ಜಾಗಕ್ಕೆ ಯಾಕೆ ಎಂದು ಪೇಂಟರ್ ಬಿಟ್ಟುಬಿಡುತ್ತಾನೆ. ತೇವ ನುಗ್ಗುವುದು ಅಲ್ಲಿಂದಲೇ. ಸುತ್ತಲೂ ಚೂರು ಸಂದಿ ಇರುವ ಹಾಗೂ ನೋಡಿಕೊಳ್ಳಿ, ಇಲ್ಲದಿದ್ದರೆ ಜುಲೈನಲ್ಲಿ ಬಾಗಿಲು ಉಬ್ಬಿ ಒಳಗಿದ್ದವರು ಒಳಗೇ.

ಹಿತ್ತಾಳೆ ಹಿಡಿಯನ್ನು ಗುಜರಿಯಿಂದ ತಂದು, ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಇಡೀ ಬಾಗಿಲಿಗೆ ಕಳೆ ಬಂದದ್ದು ಅದರಿಂದಲೇ ಎಂದು ನನ್ನ ಅಭಿಪ್ರಾಯ. ಮಗ ಬಣ್ಣದಿಂದ ಎನ್ನುತ್ತಾನೆ. ಆಚಾರ್ರು ಮಾತ್ರ ತಾವು ಹಾಕಿದ ಮೂರು ಕೀಲುಗಳನ್ನೇ ಎಲ್ಲರಿಗೂ ತೋರಿಸುತ್ತಾರೆ.

ಚಿಲಕದ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಮಗನಿಗೆ ಒಳಗಡೆ ಬೇಕು. “ಒಳಗಿಂದ ಹಾಕ್ಕೊಂಡು ಏನು ಮಾಡ್ತಾನೆ? ಊಟಕ್ಕೆ ಎಬ್ಬಿಸೋದು ಹೇಗೆ?” ಎಂದು ನಮ್ಮಮ್ಮ ಹೊರಗಡೆಗೇ ಹಟ ಹಿಡಿದಿದ್ದಾರೆ. ಸದ್ಯಕ್ಕೆ ಬಾಗಿಲು ತಾನಾಗಿ ತೆರೆದುಕೊಳ್ಳದ ಹಾಗೆ ಹಳೇ ಪೇಪರು ಮಡಚಿ ಸಂದಿಗೆ ಸಿಕ್ಕಿಸಿದ್ದೇವೆ.