ಸತ್ಯಾಂಶ: ಪಿನ್ ಉಲ್ಟಾ ಒತ್ತಿದರೆ ಪೊಲೀಸರು ಬರುವುದಿಲ್ಲ

"ಕಳ್ಳರು ಎಟಿಎಂನಲ್ಲಿ ಹೆದರಿಸಿ ಹಣ ತೆಗೆಸಿದರೆ ಪಿನ್ ಉಲ್ಟಾ ಒತ್ತಿ. ಹಣ ಬರುತ್ತೆ, ಪೊಲೀಸರಿಗೂ ಗುಟ್ಟಾಗಿ ಸುದ್ದಿ ಹೋಗುತ್ತೆ." ಈ ಮೆಸೇಜ್ ವರ್ಷಗಳಿಂದ ಸುತ್ತುತ್ತಲೇ ಇದೆ. ಇದು ಸುಳ್ಳು.

ಇಂಥದ್ದೊಂದು ಐಡಿಯಾಗೆ 1990ರ ದಶಕದಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ. ಆದರೆ ಬ್ಯಾಂಕುಗಳು ಅದನ್ನು ಎಟಿಎಂಗಳಿಗೆ ಅಳವಡಿಸಲಿಲ್ಲ. ಸ್ವಲ್ಪ ಯೋಚಿಸಿ, 1221 ಅಥವಾ 7007 ಪಿನ್ ಇದ್ದವರು ಏನು ಮಾಡಬೇಕು? ಉಲ್ಟಾ ಒತ್ತಿದರೂ ಅದೇ ನಂಬರ್ ಅಲ್ವಾ? ನಾಲ್ಕಂಕಿಯ 10,000 ಪಿನ್‌ಗಳಲ್ಲಿ ಇಂಥವು 100 ಇವೆ. ಉಳಿದವರು ಉಲ್ಟಾ ಒತ್ತಿದರೆ ಮಷಿನ್‌ಗೆ ಅದು ಬರೀ ತಪ್ಪು ಪಿನ್. ಹಣ ಬರುವುದಿಲ್ಲ, ಪಕ್ಕದಲ್ಲಿ ನಿಂತವನ ಸಿಟ್ಟು ಮಾತ್ರ ಜಾಸ್ತಿಯಾಗುತ್ತೆ. ನನಗೆ ಭಯ ಇರುವುದೇ ಇಲ್ಲಿ. ಅಂಥ ಹೊತ್ತಲ್ಲಿ ಹಣ ಕೊಟ್ಟುಬಿಡಿ, ಜೀವ ಮುಖ್ಯ.

ನಿಜವಾಗಿ ಕೆಲಸಕ್ಕೆ ಬರುವುದು ಸಣ್ಣ ವಿಷಯಗಳು. ಕಾರ್ಡ್ ಹಾಕುವ ಜಾಗ ಅಲುಗಾಡುತ್ತಿದ್ದರೆ, ಅಲ್ಲಿ ಅಂಟಿನ ಗುರುತು ಕಂಡರೆ ಆ ಮಷಿನ್ ಬಿಟ್ಟುಬಿಡಿ, ಯಾಕೆಂದರೆ ಕಾರ್ಡಿನ ಹಿಂದಿನ ಕಪ್ಪು ಪಟ್ಟಿಯ ಮಾಹಿತಿ ಕದಿಯುವ ಸಾಧನವನ್ನು ಅಂಟಿಸುವುದು ಅಲ್ಲೇ. ಪಿನ್ ಕದಿಯಲು ಕೀಪ್ಯಾಡ್ ಮೇಲೆ ಪುಟ್ಟ ಕ್ಯಾಮೆರಾ ಇಟ್ಟಿರಬಹುದು. ಹಾಗಾಗಿ ಒಂಟಿಯಾಗಿದ್ದರೂ ಇನ್ನೊಂದು ಕೈ ಅಡ್ಡ ಹಿಡಿದೇ ಪಿನ್ ಒತ್ತಿ.

ಬ್ಯಾಂಕ್ ಆ್ಯಪ್‌ನಲ್ಲಿ ದಿನದ ಮಿತಿ ಕಡಿಮೆ ಇಡಲು ಬಂದರೆ ಇಟ್ಟುಬಿಡಿ. ನೀವು ಮಾಡದ ವ್ಯವಹಾರದ ಮೆಸೇಜ್ ಬಂದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿ, ಆಮೇಲೆ ದೂರು ಕೊಡಿ. ಸಹಾಯವಾಣಿ ನಂಬರ್ ಇರುವುದು ಕಾರ್ಡಿನ ಹಿಂಭಾಗದಲ್ಲಿ, ಕಾರ್ಡೇ ಕಳೆದುಹೋದರೆ ಅದೂ ಹೋಯ್ತು. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.